ನನ್ನ ನಡಿಗೆಯ ರೇಟು

ನಮ್ಮ ಅಣ್ಣನಿಗೆ ಯಾವ ಅಂಕಿ ಏರಿದರೂ ಖುಷಿ. ಗಂಗಾವತಿಯಲ್ಲಿ ಅವನದು ಭತ್ತದ ದಲಾಲಿ ಅಂಗಡಿ. ಬೆಳಗ್ಗೆ ಹಲ್ಲುಜ್ಜುವ ಮೊದಲೇ ಫೋನಿನಲ್ಲಿ ರೇಟು ನೋಡುತ್ತಾನೆ. ಏರಿದ್ದರೆ ಮನೆಯಲ್ಲಿ ಆ ದಿನ ಹಬ್ಬ. ಇಳಿದಿದ್ದರೆ ಚಹಾ ಸರಿಯಿಲ್ಲ, ಇಸ್ತ್ರಿ ಸರಿಯಿಲ್ಲ, ಅತ್ತಿಗೆ ಎದುರಿಗೆ ನಿಂತದ್ದೂ ಸರಿಯಿಲ್ಲ. ಇಡೀ ಆಯುಷ್ಯ ಹೀಗೆ ಬದುಕಿದವನಿಗೆ, ಏರಿದ್ದೂ ಕೆಟ್ಟದ್ದಿರಬಹುದು ಅಂದರೆ ತಲೆಗೆ ಹೋಗುತ್ತದೆಯೇ? ಜ್ವರ ಏರಿದರೆ ಕೆಟ್ಟದ್ದು ಅನ್ನುವುದು ಅವನಿಗೂ ಗೊತ್ತು. ಆದರೆ ಅವನು ಫೋನಿನಲ್ಲಿ ನೋಡುತ್ತಿದ್ದದ್ದು ನನ್ನ ಜ್ವರವಲ್ಲ, ನನ್ನ ನಡಿಗೆ.

ನನ್ನ ಮನೆ ಭಾಗ್ಯನಗರದಲ್ಲಿ. ಮನೆಯ ಮುಂಭಾಗದಲ್ಲೇ ಗಿರಣಿ. ಒಂದು ಕಡೆ ಜೋಳ, ಗೋಧಿ ಬೀಸುತ್ತೇವೆ, ಇನ್ನೊಂದು ಕಡೆ ಖಾರ ಕುಟ್ಟುತ್ತೇವೆ. ಹೋದ ವರ್ಷ ಕಾರಹುಣ್ಣಿಮೆಯ ಮುಂದೆ ನಮ್ಮ ಮನೆಯವರು ಬೀಸುವ ಕಲ್ಲಿಗೆ ಉಳಿಪೆಟ್ಟು ಹಾಕುತ್ತ ಕೂತವರು ನೀರು ಕೇಳಿದರು. ನಾನು ತಂಬಿಗೆ ತುಂಬಿಕೊಂಡು ಬರುವಷ್ಟರಲ್ಲಿ ಗೋಡೆಗೆ ಒರಗಿಬಿಟ್ಟಿದ್ದರು. ಉಳಿ ಕೈಯಲ್ಲೇ ಇತ್ತು. ಇದಕ್ಕಿಂತ ಹೆಚ್ಚು ಹೇಳುವುದು ಏನೂ ಇಲ್ಲ. ಇದ್ದರೂ ನನ್ನಿಂದ ಆಗುವುದಿಲ್ಲ.

ಬಂದವರೆಲ್ಲ, ಅತ್ತುಬಿಡವ್ವ, ಹಗುರಾಗ್ತೈತಿ ಅಂದರು. ಅಳು ಬಂದರೆ ತಾನೇ? ನಮ್ಮ ಅತ್ತೆ ಮಗನ ಒಂದೊಂದು ಗುಣ ಎತ್ತಿ ಹಾಡಿಕೊಂಡು ಅಳುತ್ತಿದ್ದಳು. ಓಣಿಯ ಹೆಂಗಸರು ಅವಳ ಜೋಡಿ ಅತ್ತು, ನಡುನಡುವೆ ನನ್ನ ಮುಖ ನೋಡುತ್ತಿದ್ದರು. ನಾನು ಕೂತಿದ್ದೆ. ಹದಿಮೂರನೆಯ ದಿನವೂ ಕೂತಿದ್ದೆ. ಗಿರಣಿ ಮತ್ತೆ ಶುರುವಾದಾಗ ಗಿರಣಿಯಲ್ಲಿ ಕೂತೆ. ನಾವು ಖಾರ ಕುಟ್ಟಲು ಹತ್ತಿದರೆ ಓಣಿಯೇ ಸೀನುತ್ತದೆ, ಹಾದಿಯಲ್ಲಿ ಹೋಗುವವರು ಸೆರಗು ಮೂಗಿಗೆ ಹಿಡಿದು ನಮ್ಮನ್ನು ಬೈಯುತ್ತ ಹೋಗುತ್ತಾರೆ. ನನಗೆ ಸೀನೂ ಬರುತ್ತಿರಲಿಲ್ಲ. ಉಣ್ಣುವಾಗ ಪಲ್ಯಕ್ಕೆ ಉಪ್ಪು ಬಿದ್ದಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಇದನ್ನು ದುಃಖ ಅನ್ನುತ್ತಾರೇನೋ. ನನಗೆ ಹಾಗೆ ಅನಿಸಲಿಲ್ಲ. ಏನೂ ಅನಿಸಲಿಲ್ಲ, ಅದೇ ನನ್ನ ರೋಗ.

ನನಗೊಬ್ಬಳೇ ಮಗಳು, ಮೂರನೆಯ ಇಯತ್ತೆ. ಒಂದು ದಿನ ಸಾಲಿ ಬಿಟ್ಟು ಬಂದವಳು ಗಿರಣಿಯಲ್ಲಿ ಆಡುತ್ತಿದ್ದಳು. ಒಂದು ಹತ್ತಿಯ ಎಳೆ ಗಾಳಿಗೆ ಹಾರಿಕೊಂಡು ಮಷೀನಿನ ಕಡೆ ಹೋಯಿತು. ಅದನ್ನು ಹಿಡಿಯಲು ಅವಳು ಕೈ ಚಾಚಿಕೊಂಡು ತಿರುಗುವ ಬೆಲ್ಟಿನ ಹತ್ತಿರ ಹೋದಳು. ನಾನು ಎದುರಿಗೆ ಜೋಳದ ಚೀಲದ ಮೇಲೆ ಕೂತಿದ್ದೆ. ನನಗೆ ಕಂಡಿತು. ಏಳಬೇಕು ಅಂತಲೂ ಗೊತ್ತಿತ್ತು. ಏಳಲಿಲ್ಲ. ಒಳಗಿನಿಂದ ಅತ್ತೆ ಚೀರಿಕೊಂಡು ಬಂದು ಹುಡುಗಿಯ ಜಡೆ ಹಿಡಿದು ಹಿಂದಕ್ಕೆ ಎಳೆದಳು. ಮಗಳಿಗೆ ಏನೂ ಆಗಲಿಲ್ಲ, ಜಡೆ ಎಳೆದದ್ದಕ್ಕೆ ಅತ್ತಳು ಅಷ್ಟೆ. ಅಷ್ಟಾದರೂ ನಾನು ಚೀಲದ ಮೇಲೆ ಕೂತೇ ಇದ್ದೆ. ಅತ್ತೆ ನನ್ನನ್ನು ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ನನ್ನನ್ನು ನೋಡಿ ಹೆದರಿದಳು.

ಅತ್ತೆ ಫೋನು ಮಾಡಿ ಹೇಳಿದ್ದಳು, ಅವತ್ತು ಸಂಜೆಯೇ ಅಣ್ಣ ಕಾರು ತಗೊಂಡು ಬಂದ. ಮರುದಿನ ಬಡಿಗೇರನನ್ನು ಕರೆಸಿ ಬೆಲ್ಟಿಗೆ ಜಾಳಿಗೆ ಹಾಕಿಸಿದ, ಮಗಳ ಬಟ್ಟೆ, ಪಾಟಿಚೀಲ ಕಾರಿನಲ್ಲಿ ಇಟ್ಟುಕೊಂಡ. "ನೀ ಆರಾಮಾಗೂತನ ಕೂಸು ನನ್ನ ಹತ್ರ ಇರ್ಲಿ," ಅಂದ. ಮಗಳು ಕಾರಿನ ಕಿಟಕಿಯಿಂದ ಕೈ ಬೀಸಿದಳು. ನಾನೂ ಬೀಸಿದೆ. ಹೆತ್ತ ತಾಯಿಗೆ ಹೊಟ್ಟೆಯಲ್ಲಿ ಕತ್ತರಿ ಆಡಿಸಿದಂತೆ ಆಗಬೇಕಲ್ಲ? ಆಗಲಿಲ್ಲ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು, ಯಾರದೋ ಡಬ್ಬಿಯ ಗೋಧಿ ಬೀಸಿದೆ.

ಕೊಪ್ಪಳದ ಡಾಕ್ಟರು ಗುಳಿಗೆ ಕೊಟ್ಟು, ದಿನಾ ಬೆಳಗ್ಗೆ ಬಿರುಸಾಗಿ ನಡೆಯಬೇಕು ಅಂದರು. ಅಣ್ಣ ಗುಳಿಗೆಯ ಮಾತು ಅಲ್ಲೇ ಬಿಟ್ಟು ನಡಿಗೆಯ ಮಾತು ಮಾತ್ರ ಹಿಡಿದುಕೊಂಡ. ಮುಂದಿನ ವಾರ ಬರುವಾಗ ಒಂದು ಕರಿಯ ಗಡಿಯಾರ ತಂದ. ನಡೆದದ್ದನ್ನೆಲ್ಲ ಅದು ಬರೆದಿಟ್ಟುಕೊಳ್ಳುತ್ತದಂತೆ. ಗಂಗಾವತಿಯ ಅಂಗಡಿಯವನೇ ಅದನ್ನು ಅಣ್ಣನ ಫೋನಿಗೂ ಕೂಡಿಸಿ ಕೊಟ್ಟಿದ್ದನಂತೆ. ನಾನಿಲ್ಲಿ ನಡೆದರೆ ಅವನಿಗೆ ಅಲ್ಲಿ ಕಾಣಬೇಕು.

"ನಾ ಏನ್ ಕಳವು ಮಾಡೀನಿ ಅಂತ ಬೇಡಿ ಹಾಕಾಕತ್ತೀಯಣ್ಣ?" ಅಂದೆ.

"ಸುಮ್ನ ಕೈ ಚಾಚು," ಅಂದ.

ಕೈ ಚಾಚಿದೆ. ಅವನು ಪಟ್ಟಿ ಬಿಗಿಯುತ್ತಿದ್ದಾಗ ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿ, "ಬಳಿ ತೆಗಸಿದ ಕೈಗೆ ಇದೊಂದು ಬಳಿ ತಂದೆನಪ್ಪಾ?" ಅಂದಳು. ಕೊಂಕು ನುಡಿದದ್ದಲ್ಲ, ಕಣ್ಣು ತುಂಬಿತ್ತು. ಅಣ್ಣನ ಕೈ ಅಲ್ಲೇ ನಿಂತಿತು. ನಾನೇ ಉಳಿದ ಪಟ್ಟಿ ಎಳೆದು ಸಿಗಿಸಿಕೊಂಡೆ.

ಮೊದಲ ದಿನದ ನಡಿಗೆ ಮುಗಿಸಿ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಅವನ ಫೋನು. "ಹನ್ನೆರಡೂವರಿ ತೋರಸಾಕತ್ತೈತಿ! ಛಲೋ ಆತು." ಏನು ಹನ್ನೆರಡೂವರೆ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಪರದೆಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಅಂಕಿ ಅದು, ಅಂದಮೇಲೆ ಅದೇ ಮುಖ್ಯ ಅಂತ ಅವನ ಲೆಕ್ಕ. ಅದರ ತಲೆಯ ಮೇಲೆ ಇಂಗ್ಲಿಷಿನಲ್ಲಿ ಪೇಸ್ ಅಂತ ಬರೆದಿತ್ತು. ಪೇಸ್ ಅಂದರೆ ಸ್ಪೀಡು ಅಂತ ಅವನಿಗೆ ಅವನೇ ಹೇಳಿಕೊಂಡ. ಕೆಲವು ದಿನ ಕಳೆದ ಮೇಲೆ, "ಹದಿಮೂರು ದಾಟೇತಿ," ಅಂದ. ಆಮೇಲೆ ಹದಿನಾಲ್ಕು. ಅವನ ದನಿ ದಿನದಿಂದ ದಿನಕ್ಕೆ ಏರುತ್ತಿತ್ತು. ಹದಿನೈದು ದಾಟಿದ ದಿನ ಅಂಗಡಿಯ ಹಮಾಲರಿಗೆಲ್ಲ ಪೇಢೆ ಹಂಚಿದನಂತೆ.

"ಇಪ್ಪತ್ತು ಮುಟ್ಟಲಿ. ಮುಟ್ಟಿದ ದಿನ ಕೂಸನ್ನ ಕರ್ಕೊಂಡು ಬಂದು ನಿನ್ನ ಮಡ್ಲಾಗ ಹಾಕ್ತೀನಿ. ಮಾತಂದ್ರ ಮಾತು," ಅಂದ.

"ಇಪ್ಪತ್ತ ಯಾಕ?" ಅಂದೆ.

"ಒಂದು ಕರೆಕ್ಟ್ ನಂಬರ್ ಇರಬೇಕಲ್ಲಬೇ!" ಅಂದ. ಗಂಜ್ ಮಾರುಕಟ್ಟೆಯಲ್ಲಿ ಬೆಳೆದವನು, ಪೂರ್ಣ ಅಂಕಿ ಮುಟ್ಟದ ವ್ಯಾಪಾರ ಅವನ ಮಟ್ಟಿಗೆ ವ್ಯಾಪಾರವೇ ಅಲ್ಲ.

ಅಲ್ಲಿ ಮಗಳಿಗೂ ಇದನ್ನೇ ಹೇಳಿದ್ದ. ಬೆಳಗ್ಗೆ ಎದ್ದು ಮಾಮನ ಫೋನು ಕಸಿದುಕೊಂಡು ಅವನಿಗಿಂತ ಮೊದಲು ಅವಳೇ ಅಂಕಿ ನೋಡುತ್ತಿದ್ದಳಂತೆ. ಇಪ್ಪತ್ತಕ್ಕೆ ಎಷ್ಟು ಕಮ್ಮಿ ಅಂತ ಬೆರಳು ಮಡಚಿ ಎಣಿಸಿಕೊಂಡೇ ಸಾಲಿಗೆ ಹೋಗುತ್ತಿದ್ದಳಂತೆ. ಅತ್ತಿಗೆ ಫೋನಿನಲ್ಲಿ ಇದನ್ನು ಹೇಳಿ ನಕ್ಕಳು. ನಾನು ಹೂಂ ಅಂದೆ.

ನನ್ನ ನಡಿಗೆ ಹೇಗಿತ್ತು ಅಂತ ಹೇಳುತ್ತೇನೆ. ಮನೆಯಿಂದ ಹೊರಟು ಕೂದಲಿನ ಕಾರ್ಖಾನೆಗಳ ಹಾದಿ ಹಿಡಿದು, ಹೊಲಗಳು ಶುರುವಾಗುವ ತನಕ ಹೋಗಿ ತಿರುಗಿ ಬರುವುದು. ಶುರುವಿನಲ್ಲಿ ಡಾಕ್ಟರು ಹೇಳಿದ್ದಾರೆ ಅಂತ ಸ್ವಲ್ಪ ಬಿರುಸಾಗಿ ಕಾಲು ಹಾಕುತ್ತಿದ್ದೆ. ಆಮೇಲೆ ಯಾಕೆ ಬಿರುಸು ಅನಿಸಿತು. ಹೋಗಿ ಮುಟ್ಟಬೇಕಾದ ಜಾಗ ಯಾವುದೂ ಇರಲಿಲ್ಲ. ಮಾಳಿಗೆಯ ಮೇಲೆ ಆರಲು ಹಾಕಿದ ಯಾರದೋ ಊರಿನ ಯಾರದೋ ತಲೆಯ ಕೂದಲು, ಅಂಗಳದಲ್ಲಿ ಕೂತು ಅದರ ಸಿಕ್ಕು ಬಿಡಿಸುವ ಹೆಂಗಸರು, ಇವನ್ನು ನೋಡುತ್ತ ಕಾಲು ಎಳೆಯುತ್ತಿದ್ದೆ. ನೋಡಿದ್ದು ಮನೆಗೆ ಬರುವಷ್ಟರಲ್ಲಿ ಮರೆತಿರುತ್ತಿತ್ತು. ಒಮ್ಮೊಮ್ಮೆ ನಡುದಾರಿಯಲ್ಲಿ, ನಾನು ಹೋಗುತ್ತಿದ್ದೇನೋ ತಿರುಗಿ ಬರುತ್ತಿದ್ದೇನೋ ಅನ್ನುವುದೇ ತಿಳಿಯುತ್ತಿರಲಿಲ್ಲ.

ಗಿರಣಿಗೆ ಡಬ್ಬಿ ತರುವ ಹೆಂಗಸರಿಗೆಲ್ಲ ಅತ್ತೆ ನನ್ನ ಅಂಕಿ ಹೇಳಿಬಿಟ್ಟಿದ್ದಳು. "ಹದಿನಾರಂತಲ್ಲಬೇ! ಭಾಳ ಛಲೋ ಆತು," ಅಂತ ಬಂದವರೆಲ್ಲ ಅನ್ನುತ್ತಿದ್ದರು. ಪಕ್ಕದ ಮನೆಯವಳಿಗೆ ಮೈ ಸ್ವಲ್ಪ ಜಾಸ್ತಿ; ನಿಮ್ಮ ಜೋಡಿ ನಡೆದು ನಾನೂ ಕರಗುತ್ತೇನೆ ಅಂತ ಒಂದು ದಿನ ಬೆನ್ನು ಹತ್ತಿದಳು. ಮೂರನೆಯ ದಿನಕ್ಕೆ ಕೈ ಮುಗಿದಳು. "ಯವ್ವಾ, ನಿಮ್ಮ ಜೋಡಿ ನಡಿಯೂದಂದ್ರ ನಿಂತಂಗ ಆಕೈತ್ರಿ. ನಾ ಹಿಂಗ ನಡದ್ರ ಕರಗೂದಿಲ್ಲ, ಇನ್ನಷ್ಟು ಊದತೀನಿ." ಇದನ್ನು ಅಣ್ಣನಿಗೆ ಹೇಳಿದರೆ ಅವನು, "ಹೊಟ್ಟಿಕಿಚ್ಚು ಬಿಡು. ನಿನ್ನ ನಂಬರ್ ನೋಡಿ ತಡಕೊಳ್ಳಾಕ ಆಗಿರಂಗಿಲ್ಲ," ಅಂದ. ಕಣ್ಣಾರೆ ಕಂಡವಳ ಮಾತು ಸುಳ್ಳಾಯಿತು, ನಲವತ್ತು ಕಿಲೋಮೀಟರಿನ ಆಚೆಯಿಂದ ಫೋನು ನೋಡಿದವನ ಮಾತು ಖರೆ ಆಯಿತು. ನಾನಾದರೂ ಯೋಚಿಸಬೇಕಿತ್ತು. ಯೋಚಿಸುವುದಕ್ಕೂ ಮನಸ್ಸು ಬೇಕಲ್ಲ.

ತಳಕಲ್ಲಿನಲ್ಲಿ ನನ್ನ ನಾದಿನಿಯ ಮನೆ. ಅವಳಿಗೆ ಶಾವಿಗೆ ಕೊಟ್ಟು ಬಾ ಅಂತ ಅತ್ತೆ ಒಂದು ದಿನ ನನ್ನನ್ನು ಸ್ಕೂಟಿಯ ಮೇಲೆ ಕಳಿಸಿದಳು. ದೊಡ್ಡ ರಸ್ತೆ ಬಿಟ್ಟು ಊರ ಕಡೆ ತಿರುಗಿದ ಮೇಲೆ ಎದುರಿಗೆ ಕುರಿ ಹಿಂಡು. ರಸ್ತೆ ತುಂಬ ಕುರಿ, ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ. ಕುರಿ ಕಾಯುವವನು ಹೆಗಲ ಮೇಲೆ ಕೋಲು ಅಡ್ಡ ಇಟ್ಟುಕೊಂಡು ನಡೆದಿದ್ದಾನೆ, ಹಾರ್ನ್ ಹೊಡೆದರೆ ತಿರುಗಿಯೂ ನೋಡಲಿಲ್ಲ. ನಾನು ಎರಡೂ ಕಾಲು ನೆಲಕ್ಕೆ ತಾಗಿಸಿಕೊಂಡು, ಗಾಡಿ ಬೀಳದಂತೆ ಹಿಡಿದು ಅವುಗಳ ಹಿಂದೆ ಹೊರಟೆ. ಮಾಡಲು ಬೇರೆ ಕೆಲಸವಿಲ್ಲದೆ ಮೀಟರ್ ನೋಡಿದೆ. ಮುಳ್ಳು ಐದರ ಹತ್ತಿರ ಅಲ್ಲಾಡುತ್ತಿತ್ತು.

ಐದರಲ್ಲಿ ಕುರಿ ಹೋಗುತ್ತವೆ. ನಾನು ಬೆಳಗ್ಗೆ ಹದಿನೇಳೂವರೆಯಲ್ಲಿ ನಡೆದು ಬಂದಿದ್ದೇನೆ. ಹಾಗಾದರೆ ನಾನು ಈ ಕುರಿಗಳ ಮೂರು ಪಟ್ಟು ಬಿರುಸು. ಈ ಕುರಿಗಳಷ್ಟೇ ಅಲ್ಲ, ಸೈಕಲ್ ಮೇಲೆ ಹಾಲು ಹಾಕುವವನನ್ನೂ ಹಿಂದೆ ಹಾಕುವವಳು ನಾನು! ಎಷ್ಟೋ ದಿನದ ಮೇಲೆ ನನಗೆ ನಗು ಬಂದಂತಾಯಿತು, ಪೂರ್ತಿ ಬರಲಿಲ್ಲ.

ನಾದಿನಿಯ ಮನೆಯಲ್ಲಿ ಚಹಾ ಕುಡಿದು ತಿರುಗಿ ಬರುವಾಗ ರಸ್ತೆಯ ಬದಿಗೆ ಕಿಲೋಮೀಟರ್ ಕಲ್ಲು ಕಂಡಿತು. ಗಾಡಿ ಅಲ್ಲೇ ನಿಲ್ಲಿಸಿ ಬೀಗ ಹಾಕಿದೆ. ಕಲ್ಲಿನ ಹತ್ತಿರ ನಿಂತು ಗಡಿಯಾರದಲ್ಲಿ ಹೊತ್ತು ನೋಡಿಕೊಂಡೆ. ಬಿಸಿಲಿತ್ತು. ನಾನು ದಿನಾ ನಡೆಯುವ ಹಾಗೆಯೇ, ಹೆಚ್ಚಿಲ್ಲ ಕಡಿಮೆಯಿಲ್ಲ, ಮುಂದಿನ ಕಲ್ಲಿನ ತನಕ ನಡೆದೆ. ಅಲ್ಲಿ ಮುಟ್ಟಿ ಮತ್ತೆ ಹೊತ್ತು ನೋಡಿದೆ. ಹದಿನೇಳು ನಿಮಿಷ ಮುಗಿದು ಹದಿನೆಂಟು ನಡೆದಿತ್ತು. ಗಡಿಯಾರದ ದೊಡ್ಡ ಅಂಕಿಯೂ ಅದನ್ನೇ ತೋರಿಸುತ್ತಿತ್ತು.

ಅಲ್ಲಿಗೆ ಗೊತ್ತಾಯಿತು. ಅದು ಎಷ್ಟು ಬಿರುಸು ಅನ್ನುವುದಲ್ಲ, ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಅನ್ನುವುದು. ಗಡಿಯಾರದ ಲೆಕ್ಕ ನನ್ನ ಫೋನಿಗೂ ಬರುತ್ತಿತ್ತು, ಅದನ್ನು ತೆಗೆದು ಕೆಳಗೆ ಸರಿಸುತ್ತ ಹೋದೆ. ಯಾರೂ ನೋಡದ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ ಸ್ಪೀಡ್ ಅಂತ ಬೇರೆಯೇ ಒಂದು ಸಾಲಿತ್ತು. ಮೊದಲ ದಿನ ನಾಲ್ಕು ಪಾಯಿಂಟ್ ಎಂಟು. ಇವತ್ತು ಮೂರು ಪಾಯಿಂಟ್ ನಾಲ್ಕು. ಮೇಲಿನದು ಏರುತ್ತ ಹೋಗಿತ್ತು, ಕೆಳಗಿನದು ಇಳಿಯುತ್ತ ಹೋಗಿತ್ತು, ಎರಡೂ ಹೇಳುತ್ತಿದ್ದದ್ದು ಒಂದೇ ಮಾತು. ಅಣ್ಣ ಪೇಢೆ ಹಂಚಿದ ದಿನವೂ ನಾನು ಇಳಿಯುತ್ತಲೇ ಇದ್ದೆ. ಊರೆಲ್ಲ ಛಲೋ ಆತು ಅನ್ನುತ್ತಿದ್ದಾಗ ನಾನು ಸ್ವಲ್ಪಸ್ವಲ್ಪವೇ ನಿಲ್ಲುತ್ತಿದ್ದೆ. ದುಃಖವಾಯಿತೇ ಅಂದರೆ ಇಲ್ಲ. ಆ ಕಲ್ಲಿನ ಮೇಲೆ ಕೂತು, ಇರಲಿ, ಈ ಗಡಿಯಾರ ಒಂದಕ್ಕಾದರೂ ನನ್ನ ಸಂಗತಿ ಗೊತ್ತಿತ್ತಲ್ಲ ಅಂದುಕೊಂಡೆ.

ಮನೆಗೆ ಬಂದು ಅತ್ತೆಗೆ ಬಿಡಿಸಿ ಹೇಳಿದೆ. ಅವಳಿಗೆ ಒಂದೇ ಸಲಕ್ಕೆ ತಿಳಿಯಿತು. "ಅಷ್ಟ ಏನು? ನಾವು ಮೊದಲಿಂದ ಹಂಗ ಕೇಳ್ತೀವಲ್ಲ, ಆ ಊರು ಎಷ್ಟು ಹೊತ್ತಿನ ದಾರಿ ಅಂತ. ಹೊತ್ತು ಜಾಸ್ತಿ ಹಿಡದ್ರ ಕಾಲು ಸೋತಾವು ಅಂತ ಅರ್ಥ," ಅಂದಳು. ಆಮೇಲೆ ಅದರ ಮುಂದಿನ ಅರ್ಥವೂ ತಿಳಿಯಿತು. ಮೊರ ಹತ್ತಿರ ಎಳೆದುಕೊಂಡು ಮೆಣಸಿನಕಾಯಿಯ ತೊಟ್ಟು ತೆಗೆಯಲು ಹತ್ತಿದಳು.

"ನಿಮ್ಮಣ್ಣಗ ಹೇಳೀಯೇನು?" ಅಂದಳು.

"ಇಲ್ರಿ."

"ಹೇಳಬ್ಯಾಡ. ಇಪ್ಪತ್ತು ಆಗೂದಕ್ಕ ಇನ್ನ ಎಷ್ಟು ಐತಿ? ಎರಡೂವರಿ. ಮುಟ್ಟಲಿ. ಕೂಸು ಮೊದ್ಲ ಮನಿಗೆ ಬರ್ಲಿ, ಉಳಿದದ್ದು ಆಮ್ಯಾಲೆ ನೋಡೂಣು. ನಾ ಅದೀನಲ್ಲ, ಕಣ್ಣಾಗ ಎಣ್ಣಿ ಹಾಕ್ಕೊಂಡು ಕಾಯ್ತೀನಿ."

ಮಗನನ್ನು ಕಳಕೊಂಡವಳು, ಮೊಮ್ಮಗಳೂ ಮನೆಯಲ್ಲಿಲ್ಲ. ಎದುರಿಗಿದ್ದ ನಾನೋ, ಅವಳು ಎಷ್ಟು ಮಾತಾಡಿದರೂ ಎಮ್ಮೆಯ ಮೇಲೆ ಮಳೆ ಹೊಯ್ದ ಹಾಗೆ ಕೂತಿರುವವಳು. ಅವಳನ್ನು ತಪ್ಪು ಅನ್ನಲಾರೆ. ಆಯಿತ್ರಿ ಅಂದೆ.

ಇಪ್ಪತ್ತು ಮುಟ್ಟುವುದೇನು ದೊಡ್ಡ ಮಾತು! ಭತ್ತದ ರೇಟು ಯಾರ ಕೈಯಲ್ಲೂ ಇಲ್ಲ, ನನ್ನ ರೇಟು ನನ್ನ ಕಾಲಲ್ಲೇ ಇತ್ತು. ಇನ್ನೆರಡು ಕಡೆ ನಿಂತು ಬಂದರೆ ಸಾಕು. ಆದರೆ ನಾನು ಅಷ್ಟು ತ್ರಾಸು ತಗೊಳ್ಳುವುದೂ ಬೇಕಾಗಲಿಲ್ಲ. ದಿನಾ ನಡೆದ ಹಾಗೆಯೇ ನಡೆದೆ. ಒಂದು ವಾರದಲ್ಲಿ ಅಂಕಿ ತಾನೇ ಹತ್ತೊಂಬತ್ತಕ್ಕೆ ಬಂದು ನಿಂತಿತು. ಆಗ ಹೆದರಿಕೆಯಾಯಿತು. ನಾನು ನಾಟಕ ಮಾಡಿ ಏರಿಸಿದ್ದರೆ ಬೇರೆ ಮಾತು. ಏನೂ ಮಾಡದೆ ಏರಿತ್ತು.

ಬೆಳಗ್ಗೆ ಗಿರಣಿಯಲ್ಲಿ ಜನ ಇದ್ದಾಗ ಅಣ್ಣನ ಫೋನು ಬಂತು. ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು, ಮಗಳ ಕೂಗಾಟವೂ ಕೇಳುತ್ತಿತ್ತು.

"ಹತ್ತೊಂಬತ್ತು! ಇನ್ನೇನು, ಕೈಗೆ ಬಂದಂಗ ಆತು. ಕೂಸಿಗೆ ಹೊಸ ಅಂಗಿ ತಂದೀನಿ. ಶನಿವಾರ ಕರ್ಕೊಂಡು ಬರೂದು ಗ್ಯಾರಂಟಿ," ಅಂದ.

ನನಗೆ ಬೇಕಾದದ್ದು ಬಾಯಿಯ ಹತ್ತಿರ ಬಂದಿತ್ತು. ಸುಮ್ಮನೆ ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅತ್ತೆ ಒಳಗಿನಿಂದ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಣ್ಣಾ, ಆ ನಂಬರ್ ಏರೂದು ಛಲೋ ಅಲ್ಲ," ಅಂದೆ.

"ಏನಂದಿ?"

"ಅದು ಸ್ಪೀಡ್ ಅಲ್ಲ. ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಹಿಡೀತಾವು ಅನ್ನೂ ಲೆಕ್ಕ. ಏರಿದಷ್ಟು ನಾ ನಿಧಾನ ಆಗೀನಿ ಅಂತ ಅರ್ಥ. ಹನ್ನೆರಡೂವರಿ ಇತ್ತಲ್ಲ, ಅವತ್ತ ನಾ ಆರಾಮಿದ್ದೆ. ಅಲ್ಲಿಂದ ದಿನಾ ಕೆಡಕೋತ ಬಂದೀನಿ. ಇದು ಭತ್ತದ ರೇಟಲ್ಲಣ್ಣ."

ಆ ಕಡೆ ಕುಕ್ಕರು ಇನ್ನೊಂದು ಸೀಟಿ ಹೊಡೆಯಿತು. "ನಿನಗ ಯಾವಾಗ ಗೊತ್ತಾತು?" ಅಂದ.

"ಹೋದ ವಾರ."

"ಸುಮ್ನ ಇದ್ದಿದ್ರ ಶನಿವಾರ ಕೂಸು ನಿನ್ನ ಮನ್ಯಾಗ ಇರ್ತಿತ್ತು. ಯಾಕ ಹೇಳಿದ್ಯವ್ವ?"

"ಬಂದ ಮ್ಯಾಲೆ ನೋಡಕೊಳ್ಳಾಕಿ ನಾನ ಅಲ್ಲೇನಣ್ಣ? ಅಕಿ ಎಲ್ಲೆರ ಬೀಳಾಕತ್ತಿದ್ರ ನಾ ಎದ್ದು ಓಡ್ತೀನೋ, ಹಿಂಗ ನೋಡಕೋತ ಕುಂದರ್ತೀನೋ, ನನಗ ಗೊತ್ತಿಲ್ಲ. ಗೊತ್ತಿಲ್ಲದಾಕಿ ಕೈಯಾಗ ಕೂಸು ಕೊಡಬ್ಯಾಡ."

ಇಷ್ಟು ಮಾತು ನಾನು ಒಂದೇ ಸಲಕ್ಕೆ ಆಡಿ ಎಷ್ಟೋ ತಿಂಗಳಾಗಿತ್ತು. ಅತ್ತೆ ಹಣೆಗೆ ಕೈ ಹಚ್ಚಿಕೊಂಡು ಹೊಸ್ತಿಲ ಮೇಲೆ ಕೂತಳು. ಆ ಕಡೆ ಮಗಳು ಅಣ್ಣನ ಕೈಯಿಂದ ಫೋನು ಕಸಿದುಕೊಂಡಳು. ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಮಮ್ಮಿ, ಇಪ್ಪತ್ತು ಆಗೂದು ಬ್ಯಾಡೇನು?"

"ಬ್ಯಾಡವ್ವ."

"ಮತ್ತೆಷ್ಟು ಆಗಬೇಕು?"

"ಹನ್ನೆರಡು," ಅಂದೆ. ಬಾಯಿಗೆ ಬಂದದ್ದನ್ನು ಹೇಳಿದೆ.

ಅವಳು ಹಿಂದಕ್ಕೆ ಎಣಿಸುವುದು ಕೇಳಿಸಿತು. ಹದಿನೆಂಟು, ಹದಿನೇಳು, ಹದಿನಾರು. ಹದಿನಾಲ್ಕರ ಹತ್ತಿರ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದಳು. ಗಿರಣಿಯಲ್ಲಿ ಯಾರದೋ ಜೋಳ ಮುಗಿದು ಕಲ್ಲು ಬರಿದೇ ತಿರುಗುತ್ತಿತ್ತು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡಿದ್ದೆ.

"ಏಳು ಇಳಿಬೇಕು ಮಮ್ಮಿ. ಏರೂದಕ್ಕಿಂತ ಇಳಿಯೂದು ಸರಳ ಅಲ್ಲೇನು? ಮಾಮಾನ ಜೋಡಿ ಗುಡ್ಡ ಹತ್ತುವಾಗ ಕಾಲು ನೋಯ್ತಿದ್ವು, ಇಳಿಯುವಾಗ ಬರ್ ಅಂತ ಇಳದ್ವಿ." ಆಮೇಲೆ ದೊಡ್ಡವರ ಹಾಗೆ ದನಿ ಇಳಿಸಿ ಹೇಳಿದಳು: "ನಾ ಕಾಯ್ತೀನಿ. ನೀ ಗಡಬಡ ಮಾಡಬ್ಯಾಡ."

ಎಂಟು ವರ್ಷದ ಹುಡುಗಿ. ತಾಯಿಗೆ ಗಡಬಡ ಮಾಡಬೇಡ ಅನ್ನುತ್ತಿದ್ದಾಳೆ. ಇದನ್ನು ಅವಳಿಗೆ ಯಾರು ಕಲಿಸಿದರು? ಕಾಯುವುದನ್ನು ನಾನೇ ಕಲಿಸಿಬಿಟ್ಟಿದ್ದೆ. ಮಗಳು ಮನೆಯಲ್ಲಿಲ್ಲ ಅನ್ನುವುದು ನನಗೆ ಅವತ್ತು ಗೊತ್ತಾಯಿತು. ತಿಂಗಳುಗಟ್ಟಲೆ ಇಲ್ಲ, ಅವಳ ಜಡೆ ಬೇರೆ ಯಾರೋ ಹಾಕುತ್ತಿದ್ದಾರೆ, ಮಲಗಿದಾಗ ನನ್ನ ಹೊಟ್ಟೆಯ ಮೇಲೆ ಕಾಲು ಹಾಕುವವಳು ಅಲ್ಲಿ ಯಾರ ಮೇಲೆ ಹಾಕುತ್ತಾಳೋ ನಾನು ಒಂದು ದಿನ ಕೇಳಿರಲಿಲ್ಲ.

"ಇಲ್ಲ ಮಗಳ, ಗಡಬಡ ಮಾಡಬೇಕು. ನಿನ್ನ ಬಿಟ್ಟು ಇರಾಕ ಆಗವಲ್ದು ನನಗ," ಅಂದೆ. ಅಂದದ್ದಲ್ಲ, ಕೂಗಿದೆ. ಅಳು ಬಂತು. ಕಾರಹುಣ್ಣಿಮೆಯ ಮುಂದಿನಿಂದ ಬರಬೇಕಾಗಿದ್ದದ್ದೆಲ್ಲ ಒಟ್ಟಿಗೆ ಬಂತು. ಹಿಟ್ಟಿನ ನೆಲದ ಮೇಲೆ ಕೂತು ಬಾಯಿ ತೆರೆದು ಅತ್ತುಬಿಟ್ಟೆ. ಡಬ್ಬಿ ಹಿಡಿದು ನಿಂತ ಹೆಂಗಸರು ದೂರ ಸರಿದರು. ಅತ್ತೆ ಓಡಿ ಬಂದು ಮಷೀನ್ ಬಂದ್ ಮಾಡಿ, ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. "ಅಳು ನನ್ನವ್ವಾ, ಅಳು," ಅಂತ ತಾನೂ ಅತ್ತಳು.

ಫೋನು ನೆಲದ ಮೇಲೆ ಬಿದ್ದಿತ್ತು. ಅದರಿಂದ ಅಣ್ಣನ ದನಿ ಬರುತ್ತಲೇ ಇತ್ತು. ಎತ್ತಿಕೊಂಡೆ.

"ಕೇಳಾಕತ್ತೀಯೇನು? ನಿನ್ನ ಅಳು ಕೇಳಿ ಇಕಿ ಚೀಲ ತುಂಬಾಕ ಹತ್ಯಾಳ. ಸಾಲಿ ಐತಿ ಅಂದ್ರ ಕೇಳವಲ್ಲಳು. ಮಧ್ಯಾಹ್ನಕ್ಕ ಬರ್ತೀವಿ."

"ನಂಬರು?" ಅಂದೆ.

"ನಂಬರ್ ಗಿಂಬರ್ ಸುಡುಗಾಡಿಗೆ ಹೋಗ್ಲಿ! ನಿಮ್ಮತ್ತಿಗೀನೂ ಬರ್ತಾಳ, ತಿಂಗಳಾದ್ರೂ ಅಲ್ಲೇ ಇರ್ತಾಳ. ಡಾಕ್ಟರ್ ಕಡೆ ಮತ್ತ ಹೋಗೂಣು. ನೀನೊಬ್ಬಾಕಿನ ಕೂಸನ್ನ ನೋಡಕೋಬೇಕು ಅಂತ ನಿನಗ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ನಾನು ಮುಖ ತೊಳೆದು ಬಂದು, ಬಾಕಿ ಉಳಿದ ಡಬ್ಬಿಗಳನ್ನು ಬೀಸಿ ಕಳಿಸಿದೆ. ಖಾರದ ಕಡೆ ಹೋದಾಗ ಎರಡು ಸಲ ಸೀನಿದೆ. ಆಮೇಲೆ ಬಾಗಿಲಲ್ಲಿ ಬಂದು ಕೂತೆ. ಗಂಗಾವತಿಯಿಂದ ಇಲ್ಲಿಗೆ ಕಾರಿನಲ್ಲಿ ಒಂದು ತಾಸಿನ ದಾರಿ. ಅವತ್ತು ಹೊತ್ತು ಹೋಗಲೇ ಇಲ್ಲ.